ಕಾದಂಬರಿಯಲ್ಲಿ ಇಲ್ಲದ ಅಕ್ಕ

ನನ್ನ ಗಂಡ ಕಾಡನ್ನು ಕಂಡವರಲ್ಲ. ಆದರೂ ಅವರು ಬರೆಯುತ್ತಿದ್ದುದು ಕಾಡಿನಲ್ಲಿ ಒಬ್ಬಂಟಿಯಾಗಿ ಉಳಿದುಹೋದ ಮನುಷ್ಯನೊಬ್ಬನ ಕಾದಂಬರಿ. ರಾಯಚೂರಿನ ಕೋಟೆಗೋಡೆಗೆ ಹತ್ತಿದ ಓಣಿಯಲ್ಲಿ ನಮ್ಮ ಬಾಡಿಗೆ ಮನೆ. ಮುಂದೆ ಕಲ್ಲು, ಹಿಂದೆ ಕಲ್ಲು. ಓಣಿಗೆಲ್ಲ ಒಂದೇ ಬೇವಿನ ಮರ. ಅದರಲ್ಲಿ ಚಿಗುರು ಕಂಡರೆ ಸಾಕು, ಆಡು ಸಾಕಿದವರು ಕತ್ತರಿಸಿಕೊಂಡು ಹೋಗುತ್ತಿದ್ದರು. ಇವರು ಹಗಲೆಲ್ಲ ಶಾಲೆಯಲ್ಲಿ ಉರ್ದುವಿನಲ್ಲಿ ಲೆಕ್ಕ ಕಲಿಸಿ, ಸಂಜೆ ಮನೆಗೆ ಬಂದು ಚಹಾ ಕುಡಿದು, ಆ ಬೋಳು ಬೇವಿನ ಕಡೆ ಮುಖ ಮಾಡಿ ಕೂತು ಕನ್ನಡದಲ್ಲಿ ಕಾಡು ಬರೆಯುತ್ತಿದ್ದರು.

ಬರೆದದ್ದನ್ನು ನನಗೆ ಓದಿ ಹೇಳುತ್ತಿದ್ದರು. ನಾನು ಮಾನ್ವಿ ತಾಲೂಕಿನ ಕುರ್ಡಿಯ ಒಕ್ಕಲು ಮನೆಯವಳು. ಅಪ್ಪ ಅಕ್ಷರ ಕಲಿಸಿದ್ದ. ಆ ಕಾಲಕ್ಕೆ ನಮ್ಮ ಕಡೆ ಅದೇ ದೊಡ್ಡ ಮಾತು. ಗಂಡ ಬರೆದದ್ದನ್ನು ಮೊದಲು ಕೇಳುವವಳು ನಾನು ಎಂಬುದು ನನಗೆ ಹೆಮ್ಮೆಯ ಸಂಗತಿಯೇ ಆಗಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ಅವರು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು.

“ಈ ಕೊಡ್ಲಿ ಅಂದ್ರ ಬರೇ ಕೊಡ್ಲಿ ಅಲ್ಲ,” ಎನ್ನುತ್ತಿದ್ದರು. “ಮನಷ್ಯಾನ ಸಂಕಲ್ಪ ಅದು. ಬೆಂಕಿ ಅಂದ್ರ ಬುದ್ಧಿ. ಹೊಳಿ ಅಂದ್ರ ತಾಯಿ. ಕೊಡೂದೂ ಅಕಿನ, ಕಸಗೊಳ್ಳೂದೂ ಅಕಿನ. ತಿಳೀತಿಲ್ಲೋ?”

“ತಿಳೀತ್ರಿ. ಅಂವ ಊಟಕ್ಕ ಏನ್ ಮಾಡ್ತಾನ?”

“ಅದೆಲ್ಲಾ ಮುಂದಿನ ಅಧ್ಯಾಯದಾಗ ಬರ್ತದ.”

ಮುಂದಿನ ಅಧ್ಯಾಯದಲ್ಲಿ ಅವನು ನಕ್ಷತ್ರ ನೋಡುತ್ತಾ ಕೂತಿದ್ದ.

ಇವರ ಅಕ್ಕ ಇದ್ದದ್ದು ದೇವದುರ್ಗದ ಆಚೆ, ಕೃಷ್ಣೆಯ ದಂಡೆಯ ಒಂದು ಹಳ್ಳಿಯಲ್ಲಿ. ತಂದೆತಾಯಿ ಬೇಗ ತೀರಿಕೊಂಡ ಮನೆ. ತಮ್ಮನನ್ನು ಸಾಕಿದವಳು ಆಕೆ. ಗಂಡನೂ ಸತ್ತ ಮೇಲೆ ಕೂಲಿ ಇದ್ದಾಗ ಕೂಲಿ ಮಾಡಿ, ಇಲ್ಲದಾಗ ಬೀಳುಹೊಲದ ಜಾಲಿ ಕಡಿದು ದೇವದುರ್ಗದ ಸಂತೆಗೆ ಸೌದೆ ಹೊತ್ತು, ತಮ್ಮನನ್ನು ರಾಯಚೂರಿನಲ್ಲಿ ಓದಿಸಿದಳು. ಗಂಡನ ಕೊಡಲಿ ಒಂದು ಆಕೆಯ ಹತ್ತಿರ ಇತ್ತು. ಅದನ್ನು ಬೇರೆಯವರು ಮುಟ್ಟುವಂತಿರಲಿಲ್ಲ. ಮಲಗುವಾಗಲೂ ತಲೆದೆಸೆಗೆ ಇಟ್ಟುಕೊಳ್ಳುತ್ತಿದ್ದಳು.

ಆಕೆಗೂ ನನಗೂ ಅಷ್ಟಕ್ಕಷ್ಟೇ. ಬಾಯಿ ಬಹಳ ಜೋರು. ನಮ್ಮ ಮನೆಗೆ ಬಂದಾಗಲೆಲ್ಲ ನನ್ನ ರೊಟ್ಟಿಯನ್ನು ಬೆಳಕಿಗೆ ಎತ್ತಿ ಹಿಡಿದು, “ಏನವ್ವಾ, ಇದರಾಗ ನನ್ನ ತಮ್ಮನ ಮಾರಿ ಕಾಣ್ತದ, ಅಷ್ಟ ತೂತು ಅದಾವ,” ಎನ್ನುತ್ತಿದ್ದಳು. ತಂಬಾಕು ಅಗಿದು ನನ್ನ ತುಳಸಿಯ ಬುಡಕ್ಕೇ ಉಗುಳುತ್ತಿದ್ದಳು. ಆಕೆ ಊರಿಗೆ ಹೊರಟ ದಿನ ನನಗೆ ಹಗುರವೆನಿಸುತ್ತಿತ್ತು. ಆಕೆಯನ್ನು ದೇವತೆ ಮಾಡಲು ನಾನು ಇದನ್ನು ಬರೆಯುತ್ತಿಲ್ಲ. ಆಕೆ ಇದ್ದಳು ಎಂದು ಹೇಳಲು ಬರೆಯುತ್ತಿದ್ದೇನೆ, ಅಷ್ಟೇ.

ನಿಜಾಮರ ರಾಜ್ಯ ಯಾರ ಕಡೆ ಸೇರಬೇಕು ಎಂಬ ಗದ್ದಲ ಎದ್ದು ಊರೂರಿನಲ್ಲಿ ನಿಜಾಮರ ಪರ ಕೋವಿ ಹಿಡಿದವರು ತಿರುಗತೊಡಗಿದ ವರ್ಷ ಅದು. ನನ್ನ ಗಂಡ ದೊಡ್ಡ ಹೋರಾಟಗಾರರೇನಲ್ಲ. ವಾರಕ್ಕೊಮ್ಮೆ ನಾಲ್ಕು ಜನರನ್ನು ಮನೆಗೆ ಕರೆದು ಕನ್ನಡ ಪುಸ್ತಕ ಓದಿಸುತ್ತಿದ್ದರು. ಆಗ ಅವರ ಕಣ್ಣಿಗೆ ಬೀಳಲು ಅಷ್ಟೇ ಸಾಕಾಗಿತ್ತು. ಒಂದು ಮಧ್ಯಾಹ್ನ ಅವರ ಜೊತೆ ಕೆಲಸ ಮಾಡುತ್ತಿದ್ದ ಉರ್ದು ಮೇಷ್ಟರು ಹಿತ್ತಲ ಬಾಗಿಲಿಗೆ ಬಂದು ನಿಂತರು. ಒಳಗೆ ಬರಲಿಲ್ಲ.

“ಮಾಸ್ತರ್ ಸಾಬ್, ನಿಮ್ಮ ಹೆಸರು ತಗೊಳ್ಳಾಕತ್ತಾರ. ಸ್ವಲ್ಪ ದಿನ ಎಲ್ಲಾರ ಹೋಗಿಬಿಡ್ರಿ. ನಾ ಹೇಳೀನಿ ಅನಬ್ಯಾಡ್ರಿ,” ಎಂದು ಹೇಳಿ ಬಂದ ದಾರಿಯಲ್ಲೇ ಹೋದರು.

ಅದೇ ಸಂಜೆ ಗಾಡಿ ಮಾಡಿಕೊಂಡು ದೇವದುರ್ಗದ ಕಡೆ ಹೊರಟೆವು. ನಾನು ಪಾತ್ರೆ, ಜೋಳ, ಎರಡು ಸೀರೆ ಕಟ್ಟಿಕೊಂಡೆ. ಇವರು ಕಾದಂಬರಿಯ ಹಾಳೆಗಳನ್ನು ಕಟ್ಟಿಕೊಂಡರು. ಅಕ್ಕ ನಮ್ಮನ್ನು ನೋಡಿ ಒಂದು ಮಾತೂ ಕೇಳಲಿಲ್ಲ. ನೀರು ಕೊಟ್ಟು, ಉಂಡ ಮೇಲೆ ಹೇಳಿದಳು:

“ಊರಾಗ ಇರೂದು ಬ್ಯಾಡ ತಮ್ಮಾ. ರಾಯಚೂರಾಗ ಕೇಳಿದವರು ಇಲ್ಲೀನೂ ಕೇಳ್ತಾರ. ಹೊಳ್ಯಾಗಿನ ಗಡ್ಡಿಗಿ ಹೋಗೂನು. ಅಲ್ಲಿ ಯಾರೂ ಕಾಲಿಡಂಗಿಲ್ಲ.”

“ನೀ ಯಾಕ ಬರ್ತಿ? ನಿನಗ ಯಾರು ಏನ್ ಮಾಡ್ತಾರ?” ಎಂದರು ಇವರು.

“ನೀವಿಬ್ರೂ ಅಲ್ಲಿ ಏನ್ ತಿಂತೀರಿ, ಹಾಳಿ ತಿಂತೀರೇನು?” ಎಂದು ಆಕೆ ಎದ್ದು ಕೊಡಲಿ ತೆಗೆದುಕೊಂಡಳು.

ಗಡ್ಡಿ ಎಂದರೆ ಹೊಳೆಯ ನಡುವಿನ ಒಂದು ದಿಬ್ಬ. ಬೇಸಿಗೆಯಾದ್ದರಿಂದ ಬಂಡೆಯಿಂದ ಬಂಡೆಗೆ ಕಾಲಿಡುತ್ತಾ, ಮೊಣಕಾಲುದ್ದದ ನೀರಿನಲ್ಲಿ ನಡೆದೇ ದಾಟಿದೆವು. ಮೇಲೆ ಜಾಲಿ, ಈಚಲು, ಆಳೆತ್ತರದ ಜೊಂಡುಹುಲ್ಲು. ನಡುವೆ ಒಂದು ದೊಡ್ಡ ಹೊಳೆಮತ್ತಿ ಮರ. ಅದರ ಬುಡದಲ್ಲಿ ಜೊಂಡಿನ ಗುಡಿಸಲು ಹಾಕಿಕೊಂಡೆವು. ಕಂಬ ಕಡಿದದ್ದು ಅಕ್ಕ, ಹುಲ್ಲು ಹೊದಿಸಿದ್ದು ನಾನು, ಹಗ್ಗ ಬಿಗಿದದ್ದು ಇವರು. ಇವರು ಕೈಕಟ್ಟಿ ಕೂರಲಿಲ್ಲ, ಅದನ್ನೂ ಹೇಳಬೇಕು. ಅಂಗೈ ಬೊಕ್ಕೆ ಎದ್ದು ಒಡೆದರೂ ದುಡಿದರು. ಅಕ್ಕನಿಗೆ ಗುರುತಿದ್ದ ಒಬ್ಬ ಅಂಬಿಗ ಆಗಾಗ ಹರಿಗೋಲಿನಲ್ಲಿ ಮೀನು ಹಿಡಿಯಲು ಬಂದವನಂತೆ ಬಂದು ಜೋಳ, ಉಪ್ಪು ಇಟ್ಟು ಹೋಗುತ್ತಿದ್ದ.

ಹೊಗೆ ಕಂಡರೆ ಜನ ಬರುತ್ತಾರೆಂಬ ಭಯದಿಂದ ಒಲೆ ಹಚ್ಚುತ್ತಿದ್ದುದು ನೆತ್ತಿಯ ಮೇಲೆ ಬಿಸಿಲು ಉರಿಯುವಾಗ, ಒಣ ಜಾಲಿಕಡ್ಡಿಯಿಂದ ಮಾತ್ರ. ಹೊಗೆ ಆ ಬಿಸಿಲಿನಲ್ಲಿ ಕರಗಿಹೋಗುತ್ತಿತ್ತು. ಒಮ್ಮೊಮ್ಮೆ ದಂಡೆಯಲ್ಲಿ ಜನರ ಸುಳಿವು ಕಂಡ ದಿನ ನೆನೆಸಿದ ಜೋಳವನ್ನೇ ಅಗಿದೆವು. ನನ್ನ ಹಳೆಯ ಸೀರೆಯನ್ನು ನಾನೂ ಅಕ್ಕನೂ ಎರಡು ಕಡೆ ಹಿಡಿದು, ಬಂಡೆಯ ನಡುವಿನ ಮಡುಗಳಲ್ಲಿ ಎಳೆದು ಸಣ್ಣ ಮೀನು ಹಿಡಿಯುತ್ತಿದ್ದೆವು. ಅಲ್ಲೂ ಆಕೆಯ ಬಾಯಿ ನಿಲ್ಲಲಿಲ್ಲ. “ಗಟ್ಟಿ ಹಿಡಿಯವ್ವಾ, ಪ್ಯಾಟಿಯಾಕಿ ಹಂಗ ಮಾಡಬ್ಯಾಡ,” ಎನ್ನುವಳು. ದೊಡ್ಡ ಮೀನೆಲ್ಲ ತಮ್ಮನ ತಟ್ಟೆಗೆ. ನನಗೆ ಬಾಲ, ತನಗೆ ತಲೆ. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಇವರು ಸಂಜೆ ಮರದ ಬುಡದಲ್ಲಿ ಕೂತು ಬರೆಯಲು ನೋಡುತ್ತಿದ್ದರು. ಆದರೆ ಒಂದು ಸಾಲೂ ಮುಂದೆ ಹೋಗುತ್ತಿರಲಿಲ್ಲ. ಕೊನೆಗೆ ಒಲೆ ಹಚ್ಚಲು ಒಣ ಪುಳ್ಳೆ ಸಿಗದ ಒಂದು ದಿನ ಆ ಹಾಳೆಗಳನ್ನು ತಾವಾಗಿಯೇ ತಂದು ನನ್ನ ಕೈಗೆ ಕೊಟ್ಟರು. ಅಂದು ನನಗೆ ಅವರ ಮೇಲೆ ಬಹಳ ಪ್ರೀತಿ ಬಂತು.

ಮುಂದೆ ಮಳೆಗಾಲ ಬಂತು. ನಮ್ಮ ಕಡೆ ಮಳೆ ಅಷ್ಟೇನೂ ಇರಲಿಲ್ಲ. ಒಂದು ಬೆಳಿಗ್ಗೆ ಆಕಾಶ ಬಿಳಿಯಾಗಿ, ಒಂದು ಮೋಡವೂ ಇಲ್ಲದೆ ಇದ್ದಾಗ, ನಾವು ದಾಟಿ ಬಂದ ಬಂಡೆಗಳು ಕಾಣಲಿಲ್ಲ. ನೀರು ಕೆಂಪಾಗಿತ್ತು.

“ಮ್ಯಾಲ ಎಲ್ಲೋ ದೊಡ್ಡ ಮಳಿ ಆಗ್ಯಾದ,” ಎಂದಳು ಅಕ್ಕ. “ನೀರು ಏರಾಕತ್ತದ. ಮರದಾಗ ಅಟ್ಟ ಕಟ್ಟಬೇಕು. ಜಲ್ದಿ ಮಾಡ್ರಿ.”

ಮಧ್ಯಾಹ್ನದ ಹೊತ್ತಿಗೆ ನೀರು ಗುಡಿಸಲಿನ ಕಂಬಕ್ಕೆ ಮುಟ್ಟಿತು. ಅಕ್ಕ ಮರ ಹತ್ತಿ ಅಡ್ಡಗಂಬ ಕಟ್ಟುತ್ತಿದ್ದಳು. ಕಡಿದು ಕಡಿದು ಆಕೆಯ ರಟ್ಟೆ ಬಿದ್ದುಹೋಗಿತ್ತು. ಆಗ ಮೊದಲ ಬಾರಿಗೆ ಕೊಡಲಿಯನ್ನು ತಮ್ಮನ ಕೈಗೆ ಕೊಟ್ಟಳು. ಇವರು ಜಾಲಿಯ ಕಂಬ ಕಡಿಯತೊಡಗಿದರು. ಬಹಳ ದಿನದ ಕೆಲಸದಿಂದ ಕೊಡಲಿಯ ಹಿಡಿಕೆ ಸಡಿಲಾಗಿತ್ತು. ಅದು ಮೂವರಿಗೂ ಗೊತ್ತಿತ್ತು, ಬಿಗಿ ಮಾಡಲು ಯಾರಿಗೂ ಪುರಸತ್ತು ಇರಲಿಲ್ಲ. ಅಕ್ಕ ಕಂಬ ತೆಗೆದುಕೊಳ್ಳಲು ಮರದಿಂದ ಇಳಿದು ಬಂದಳು. ಇವರು ಕೊಡಲಿ ಎತ್ತಿದರು. ಕಬ್ಬಿಣ ಹಿಡಿಕೆಯಿಂದ ಕಳಚಿ ಹಾರಿ ಆಕೆಯ ಮೊಣಕಾಲಿನ ಕೆಳಗೆ ಎಲುಬಿಗೆ ಬಡಿಯಿತು.

ಆಕೆ ಕೆಳಗೆ ಕೂತು ಎರಡೂ ಕೈಯಿಂದ ಕಾಲು ಒತ್ತಿ ಹಿಡಿದು, “ಏನಾಗಿಲ್ಲ ತಮ್ಮಾ, ಏನಾಗಿಲ್ಲ. ನೀ ಕಂಬ ಕಡಿ,” ಎಂದಳು. ಇವರು ಹಿಡಿಕೆಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದರು. ನಾನು ಸೀರೆಯ ಸೆರಗು ಹರಿದು ಕಟ್ಟಿದೆ.

ಅಟ್ಟದ ಮೇಲೆ ಹೇಗೋ ಆಕೆಯನ್ನು ಏರಿಸಿದೆವು. ಹೊಳೆ ಸುತ್ತಲೂ ಊರಗಲ ಹರಿಯುತ್ತಿತ್ತು. ಹರಿಗೋಲು ಬರುವಂತಿರಲಿಲ್ಲ. ಬೂದಿ ಹಚ್ಚಿದೆವು, ಆಕೆಯೇ ಕೈ ಮಾಡಿ ತೋರಿಸಿದ ಯಾವುದೋ ಸೊಪ್ಪು ಅರೆದು ಹಚ್ಚಿದೆವು. ಮೊದಮೊದಲು ಗಾಯ ಒಣಗುವಂತೆ ಕಂಡಿತು. ಆಕೆ ನನ್ನನ್ನು ಬೈಯುವುದನ್ನೂ ಶುರು ಮಾಡಿದಳು, ನಾನು ಸಂತೋಷಪಟ್ಟೆ. ಆಮೇಲೆ ಒಂದು ಬೆಳಿಗ್ಗೆ ನೆನೆಸಿದ ಜೋಳ ಬಾಯಿಗಿಟ್ಟರೆ ಬಾಯಿ ತೆರೆಯಲಿಲ್ಲ. ದವಡೆ ಬಿಗಿದಿತ್ತು. ಕತ್ತು ಹಿಂದಕ್ಕೆ ಸೆಳೆಯಿತು. ಮೈ ಬಿಲ್ಲಿನಂತೆ ಬಾಗುತ್ತಿತ್ತು. ಹಕ್ಕಿ ರೆಕ್ಕೆ ಬಡಿದ ಸದ್ದಿಗೂ ಸೆಡೆತ ಬರುತ್ತಿತ್ತು. ಇವರು ಆಕೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, “ಅಕ್ಕಾ, ಅಕ್ಕಾ,” ಎನ್ನುತ್ತಿದ್ದರು, ಸಣ್ಣ ದನಿಯಲ್ಲಿ, ಅದಕ್ಕೂ ಸೆಡೆತ ಬಂದೀತೆಂದು.

ಕೊನೆಗೆ ಬಿಗಿದ ಹಲ್ಲಿನ ಸಂದಿಯಿಂದಲೇ ಆಕೆ ನನಗೆ ಏನೋ ಹೇಳಿದಳು. ಕಿವಿ ಹತ್ತಿರ ಒಯ್ದೆ. “ಅಂವಗ ಉಣ್ಣಾಕ ಹಾಕು,” ಎಂದಳು. ಆಗಲೂ ತಮ್ಮನೇ. ಆ ಮಧ್ಯಾಹ್ನ ಆಕೆ ಸತ್ತಳು.

ನೀರು ಸ್ವಲ್ಪ ಇಳಿದು ದಿಬ್ಬದ ನೆತ್ತಿ ಕಂಡಾಗ, ಹಿಡಿಕೆಯಿಲ್ಲದ ಆ ಕೊಡಲಿಯಿಂದಲೇ ಮಣ್ಣು ತೋಡಿ ಹೂಳಿದೆವು. ಮತ್ತೊಮ್ಮೆ ನೀರು ಏರಿದಾಗ ಮಣ್ಣನ್ನೂ ಆಕೆಯನ್ನೂ ಒಯ್ದಿತು. ಹೊಳೆ ತಾಯಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಅಂದು ಅದು ನೀರಾಗಿತ್ತು. ಕೊಡಲಿ ಅಲ್ಲೇ ಎಲ್ಲೋ ಹೋಯಿತು.

ಮುಂದೆ ಭಾರತದ ಸೈನ್ಯ ಬಂತು, ಗದ್ದಲ ಅಡಗಿತು, ಅಂಬಿಗ ಹರಿಗೋಲು ತಂದು ನಮ್ಮನ್ನು ದಾಟಿಸಿದ. ರಾಯಚೂರಿಗೆ ಮರಳಿದ ಮೇಲೆ ಇವರು ಬಹಳ ದಿನ ಹಾಳೆ ಮುಟ್ಟಲಿಲ್ಲ. ಆಮೇಲೆ ಬರೆಯತೊಡಗಿದರು. ಈ ಸಲ ನನಗೆ ಓದಿ ಹೇಳಲಿಲ್ಲ. ಶಾಲೆಯಿಂದ ಬಂದವರೇ ಕೂತರೆ ದೀಪ ಹಚ್ಚುವ ತನಕ ಬರೆಯುತ್ತಿದ್ದರು. ಊಟ ಸರಿಯಾಗಿ ಇರಲಿಲ್ಲ. ಅಕ್ಕನ ಬಗ್ಗೆ ಬರೆಯುತ್ತಿದ್ದಾರೆ, ಬರೆದು ಎದೆ ಹಗುರ ಮಾಡಿಕೊಳ್ಳಲಿ ಎಂದು ನಾನು ಸುಮ್ಮನಿದ್ದೆ.

ಪುಸ್ತಕ ಗದಗಿನ ಕಡೆ ಅಚ್ಚಾಗಿ ಬಂತು. ನಾನು ಒಲೆಯ ಮುಂದೆ ಕೂತು ಓದಿದೆ. ಒಬ್ಬ ಮನುಷ್ಯ. ಒಂದು ನಡುಗಡ್ಡೆ. ಮತ್ತಿ ಮರಕ್ಕೆ ನೆಟ್ಟಿದ್ದ, ಯಾರದೂ ಅಲ್ಲದ ಒಂದು ಕೊಡಲಿ ಅವನಿಗೆ ಸಿಗುತ್ತದೆ. ಬಳ್ಳಿ ಹೆಣೆದು ಬಲೆ ಮಾಡಿ ಮೀನು ಹಿಡಿಯುತ್ತಾನೆ. ನಡುಮಧ್ಯಾಹ್ನ ಹೊಗೆ ಕಾಣದಂತೆ ಬೆಂಕಿ ಹಚ್ಚುವುದನ್ನು ತಾನೇ ಕಂಡುಹಿಡಿಯುತ್ತಾನೆ. ಮೋಡವಿಲ್ಲದ ದಿನ ನೀರು ಏರುತ್ತದೆ. ಅಟ್ಟ ಕಟ್ಟುವಾಗ ಕೊಡಲಿ ಕಳಚಿ ಅವನ ಕಾಲಿಗೇ ಬಡಿಯುತ್ತದೆ. ಅವನು ಒಬ್ಬನೇ ನರಳುತ್ತಾನೆ; ದಿನವೂ ಬೆಳಿಗ್ಗೆ ಒಂದು ಬಿಳಿ ಕೊಕ್ಕರೆ ಬಂದು ಎದುರು ಕೂರುತ್ತದೆ. ಗಾಯ ಮಾಯುತ್ತದೆ. ನೀರು ಇಳಿಯುತ್ತದೆ. ಅವನು ನಡೆದು ದಂಡೆ ಸೇರುತ್ತಾನೆ.

ನಾನು ಮತ್ತೆ ಮೊದಲಿನಿಂದ ತಿರುವಿದೆ. ಆಕೆ ಎಲ್ಲೂ ಇರಲಿಲ್ಲ. ನಾನು ಇಲ್ಲದ್ದು ನನಗೆ ಅಷ್ಟು ನೋಯಲಿಲ್ಲ, ನಾನು ಬದುಕಿದ್ದೆನಲ್ಲ.

ಪುಸ್ತಕಕ್ಕೆ ಒಳ್ಳೆಯ ಹೆಸರು ಬಂತು. ಆಗ ಊರಿನಲ್ಲಿ ಕನ್ನಡ ಸಭೆಗಳನ್ನು ಧೈರ್ಯವಾಗಿ ನಡೆಸುವ ಕಾಲ ಹೊಸದಾಗಿ ಬಂದಿತ್ತು. ಶಾಲೆಯ ದೊಡ್ಡ ಕೋಣೆಯಲ್ಲಿ ಒಂದು ಸಭೆ ಕೂಡಿಸಿ, ಹೊರಗಿನಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದರು. ಇವರಿಗೆ ಹಾರ ಹಾಕಿದರು. ಹೆಂಗಸರಿಗೆ ಹಿಂದೆ ಜಮಖಾನೆ ಹಾಸಿದ್ದರು. ನಾನು ಅಲ್ಲಿ ಕೂತೆ. ಪ್ರಾಧ್ಯಾಪಕರು ಬಹಳ ಚೆನ್ನಾಗಿ ಮಾತಾಡುವವರು.

“ಈ ಕೃತಿಯಲ್ಲಿ ಪ್ರತಿಯೊಂದು ವಸ್ತುವೂ ಮಾತಾಡುತ್ತದೆ,” ಎಂದರು. “ಬಳ್ಳಿಯ ಬಲೆ ಎಂದರೆ ಮಾಯೆ. ಹೊಗೆಯಿಲ್ಲದ ಬೆಂಕಿ ಎಂದರೆ ಶುದ್ಧ ಜ್ಞಾನ. ಇನ್ನು ಆ ಕೊಡಲಿ! ಅದಕ್ಕೆ ಒಡೆಯನಿಲ್ಲ. ಯಾಕೆಂದರೆ ಮನುಷ್ಯನ ಇಚ್ಛಾಶಕ್ತಿಗೆ ಒಡೆಯನಿಲ್ಲ. ಅದು ತಿರುಗಿ ಅವನನ್ನೇ ಕಡಿಯುತ್ತದೆ. ಆ ಗಾಯದಿಂದಲೇ ಅವನು ಪೂರ್ಣನಾಗುತ್ತಾನೆ.”

ಮಾಯೆ ಎಂದಾಗ ನನಗೆ ನನ್ನ ಹರಕು ಸೀರೆ ನೆನಪಾಗಿ ನಗು ಬಂತು. ಪೂರ್ಣನಾಗುತ್ತಾನೆ ಎಂದಾಗ ಆ ಬಿಗಿದ ದವಡೆ ಕಣ್ಣಿಗೆ ಬಂತು. ಹೇಗೆ ಎದ್ದೆನೋ ತಿಳಿಯದು. ಸೆರಗು ಸರಿಮಾಡಿಕೊಂಡು ನಿಂತು ಹೇಳಿದೆ:

“ಆ ಕೊಡ್ಲಿಗಿ ಒಡೆಯರಿದ್ರು ರೀ. ಅದು ಇವರ ಅಕ್ಕನ್ದು.”

ಜನರೆಲ್ಲ ಹಿಂದೆ ತಿರುಗಿದರು. ಇವರು ಹಾರದ ಹೂವು ನೋಡುತ್ತಾ ಕೂತಿದ್ದರು. ಪ್ರಾಧ್ಯಾಪಕರು ಕೈ ಜೋಡಿಸಿ, ನಗುಮುಖದಿಂದ ಹೇಳಿದರು:

“ಬಹಳ ಸುಂದರವಾಗಿ ಹೇಳಿದಿರಿ, ತಾಯಿ. ಅದೂ ಒಂದು ಅರ್ಥ. ಕೊಡಲಿ ಎಂದರೆ ಅಕ್ಕ. ನಮ್ಮನ್ನು ಕಾಯುವ, ಶಿಕ್ಷಿಸುವ ಹಿರಿಯ ಶಕ್ತಿ. ಈ ಅರ್ಥ ನನಗೂ ಹೊಳೆದಿರಲಿಲ್ಲ.”

ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿದ್ದ ಹೆಂಗಸು, “ಎಷ್ಟ್ ಛಲೋ ಅಂದಿ ನೋಡವ್ವಾ,” ಎಂದು ನನ್ನ ಕೈ ಹಿಡಿದಳು. ನಾನು ಕೂತೆ.

ಮನೆಗೆ ಹೋಗುವ ದಾರಿಯಲ್ಲಿ ಇವರು ಹಾರವನ್ನು ಕೈಯಲ್ಲಿ ಹಿಡಿದು ನಡೆಯುತ್ತಿದ್ದರು.

“ಮಂದ್ಯಾಗ ಹಂಗ ಎದ್ದು ನಿಂತ್ರ ನನ್ನ ಮಾರಿ ಎಲ್ಲಿ ಇಡ್ಲಿ?”

“ನಿಮ್ಮ ಪುಸ್ತಕದಾಗ ಅಕ್ಕ ಎಲ್ಲಿ ಅದಾಳ್ರಿ?”

“ಅದಾಳ. ದಿನಾ ಬರೋ ಬಿಳಿ ಕೊಕ್ಕರಿ ಅಕಿನ. ತಿಳಿಯೋರಿಗಿ ತಿಳೀತದ.”

“ಕೊಕ್ಕರಿ ಸಾಯಂಗಿಲ್ರಿ ಅದರಾಗ. ಕಡೀ ಪುಟದ ತನಕಾ ಹಾರ್ತದ.”

ಅವರು ನಿಂತುಬಿಟ್ಟರು. “ಏನ್ ಬರೀಬೇಕಿತ್ತು? ನನ್ನ ಕೈಯಾಗಿನ ಕೊಡ್ಲಿಲೆ ಅಕ್ಕ ಸತ್ಲು ಅಂತ ಬರೀಲೇನು? ಅದನ್ನ ಬರದ್ರ ನಾ ಬದಕಂಗಿಲ್ಲ.”

“ಕೈ ತಪ್ಪು ನಿಮ್ದು ಅಂತ ನಾ ಯಾವತ್ತರ ಅಂದೀನೇನ್ರಿ? ಕೊಡ್ಲಿ ಯಾರ ಕೈಯಾಗಿದ್ರೂ ಕಳಚ್ತಿತ್ತು. ಅಕಿ ಇದ್ಲು ಅಂತ ಬರೀರಿ, ಅಷ್ಟ. ಅಕಿ ಇದ್ದದ್ದಕ್ಕ ನೀವು ಬದಕಿದ್ರಿ.”

ಅವರು ಹಾರವನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ನಡೆದರು. ಮರುದಿನ ನಾನು ಮಾನ್ವಿಯ ಮೋಟಾರು ಹತ್ತಿದೆ. ಇವರು ಬೇಡವೆನ್ನಲಿಲ್ಲ. ನೀರಮಾನ್ವಿ ದಾಟುವ ತನಕ ಕಣ್ಣು ಒಣಗಿಯೇ ಇತ್ತು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಕುರ್ಡಿಯಲ್ಲಿ ಅವ್ವ ನನ್ನ ಗಂಟು ನೋಡಿ ಗಾಬರಿಯಾದಳು.

“ಹೊಡದಾನೇನು?”

“ಇಲ್ಲ.”

“ಮತ್ತೊಬ್ಬಾಕಿನ್ನ ಇಟ್ಗೊಂಡಾನೇನು?”

“ಇಲ್ಲ ಬೇ. ಪುಸ್ತಕ ಬರದಾರ, ಅದರಾಗ ಅವರಕ್ಕ ಇಲ್ಲ.”

ಅವ್ವ ನನ್ನ ಗಂಟನ್ನು ಕೆಳಗಿಟ್ಟಳು. “ಬದುಕಿದ್ದಾಗ ಅಕಿ ಹೆಸರು ಹೇಳಿದ್ರ ಮಾರಿ ತಿರಗಸ್ತಿದ್ದಿ. ಈಗ ಅಕಿ ಸಲುವಾಗಿ ಮನಿ ಬಿಟ್ಟು ಬಂದ್ಯಾ?” ಎಂದಳು. ಮರುದಿನದಿಂದ ಹೊಲಕ್ಕೆ ಹೋದೆ.

ಬಿತ್ತನೆ ಮುಗಿಯುವ ಹೊತ್ತಿಗೆ ಇವರು ಬಂದರು. ಸೊರಗಿದ್ದರು. ಅಂಗಳದಲ್ಲಿ ನಿಂತೇ, “ಅಕ್ಕನ ಊರಿಗಿ ಹೋಗಿ ಬರೂನು ನಡಿ,” ಎಂದರು. ಪುಸ್ತಕದ ಮಾತು ಅವರೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಆಕೆಗೆ ಸರಿಯಾಗಿ ಎಡೆಯನ್ನೂ ಇಟ್ಟಿರಲಿಲ್ಲ. ಅದಾದರೂ ಆಗಲಿ ಎಂದು ಹೊರಟೆ.

ಹಳ್ಳಿಯಲ್ಲಿ ಆಕೆಯ ಗುಡಿಸಲು ಬಿದ್ದು, ಕಟ್ಟಿಗೆಯನ್ನು ಯಾರೋ ಒಯ್ದಿದ್ದರು. ನಮಗೆ ಜೋಳ ತಂದು ಕೊಡುತ್ತಿದ್ದ ಅಂಬಿಗ ಹೊಳೆಯ ದಂಡೆಯಲ್ಲೇ ಸಿಕ್ಕ. ಹರಿಗೋಲಿನಲ್ಲಿ ಕೂಡಿಸಿಕೊಂಡ. ನೀರು ಇನ್ನೂ ತುಂಬಿರಲಿಲ್ಲ. ಬುಟ್ಟಿಯಲ್ಲಿ ನಾನು ರೊಟ್ಟಿ, ಮೀನಿನ ಸಾರು, ಒಂದಿಷ್ಟು ತಂಬಾಕು ಇಟ್ಟುಕೊಂಡಿದ್ದೆ.

“ಈಗ ಮಂದಿ ಬಂದು ನೋಡಿ ಹೋಗ್ತಾರ್ರಿ,” ಎಂದ ಅಂಬಿಗ, ಹುಟ್ಟು ಹಾಕುತ್ತಾ. “ಸಾಲಿ ಮಾಸ್ತರ್ರು ಪುಸ್ತಕದಾಗ ಓದಿದ್ರಂತ. ಮಾಸ್ತರ ಗಡ್ಡಿ ಅಂತಾರ ಈಗ ಇದಕ್ಕ.”

ಇವರ ತುಟಿಯ ಮೇಲೆ ಒಂದು ಸಣ್ಣ ನಗೆ ಬಂತು. ಬಂದದ್ದು ತಮಗೇ ತಿಳಿದು ಮುಖ ಆ ಕಡೆ ತಿರುಗಿಸಿದರು. ನಾನು ನೋಡಿದ್ದೆ.

“ಅಕ್ಕ ಸತ್ತದ್ದು ಇಲ್ಲೇ ಅಂತ ಹೇಳಂಗಿಲ್ಲೇನಪಾ ನೀನು?” ಎಂದು ಅಂಬಿಗನನ್ನು ಕೇಳಿದೆ.

“ಹೇಳ್ತೀನಿ ಯವ್ವಾ. ಪುಸ್ತಕದಾಗ ಹಂಗಿಲ್ಲ ಅಂತಾರ.”

ಮತ್ತಿ ಮರದ ಬುಡದಲ್ಲಿ ಎಡೆ ಇಟ್ಟೆ. ಇವರು ಕೈ ಮುಗಿದು ನಿಂತು, ಅಳುತ್ತಾ ಕೆಳಗೆ ಕೂತರು. ಆ ಅಳು ಸುಳ್ಳಲ್ಲ. ಅವರು ಸಾಯುವ ತನಕ ಅದು ಸುಳ್ಳಾಗಿರಲಿಲ್ಲ, ಪುಸ್ತಕವೂ ಬದಲಾಗಲಿಲ್ಲ. ಸಮಾಧಾನ ಮಾಡಲು ನಾನು ಹತ್ತಿರ ಹೋಗಲಿಲ್ಲ. ಅಂಬಿಗನ ಜೊತೆ ಗಡ್ಡಿಯ ಅಂಚಿನ ಬಂಡೆಯ ಮೇಲೆ ಕೂತು, ಅವರ ಅಳು ಮುಗಿಯಲಿ ಎಂದು ಕಾದೆ. ಮುಗಿದ ಮೇಲೆ ಅವರ ಜೊತೆ ರಾಯಚೂರಿಗೆ ಹೋದೆ.